ಬಿಡುವೆಂಬ ಬಂಡವಾಳ: ಮನೆಯಲ್ಲಿ ಕಾರ್ಯಾಗಾರ ಹೂಡಿದ ಹವ್ಯಾಸಿಗಳಿಗೊಂದು ಬಹಿರಂಗ ಪತ್ರ



ಮೈಸೂರಿನಲ್ಲಿಯೂ ಬೆಂಗಳೂರಿನಲ್ಲಿಯೂ, ಹುಬ್ಬಳ್ಳಿ ದಾವಣಗೆರೆಗಳಂತಹ ಊರುಗಳಲ್ಲಿಯೂ, ಹಿತ್ತಲಿನ ತಗಡಿನ ಚಾವಣಿಯ ಕೆಳಗೋ, ಕಾರು ನಿಲ್ಲಬೇಕಾದ ಜಾಗದಲ್ಲಿಯೋ, ಮಹಡಿಯ ಮೇಲಣ ನೀರಿನ ತೊಟ್ಟಿಯ ನೆರಳಿನಲ್ಲಿಯೋ ಒಂದು ಮೇಜನ್ನು ಹಾಕಿ, ಅದರ ಅಂಚಿಗೆ ಒಂದು ವೈಸನ್ನು ಬಿಗಿದು, ಭಾನುವಾರಗಳನ್ನು ಕಬ್ಬಿಣ, ಮರ, ಎಣ್ಣೆಗಳ ಸಹವಾಸದಲ್ಲಿ ಕಳೆಯುತ್ತಿರುವ ನಿಮ್ಮೆಲ್ಲರನ್ನೂ ಉದ್ದೇಶಿಸಿ ಈ ಪತ್ರವನ್ನು ಬರೆಯುತ್ತಿದ್ದೇನೆ. ನಿಮ್ಮಲ್ಲಿ ಕೆಲವರು ಕಾರ್ಖಾನೆಗಳಿಂದ ನಿವೃತ್ತರಾದವರು. ಕೆಲವರು ಹಗಲೆಲ್ಲ ಕಂಪ್ಯೂಟರಿನ ಮುಂದೆ ಕುಳಿತು, ಕೈಗೆ ತಾಕುವಂಥದೇನನ್ನೂ ನಿರ್ಮಿಸಲಾಗದ ಅತೃಪ್ತಿಯಿಂದ ಇತ್ತ ಬಂದ ತರುಣ ತರುಣಿಯರು. ಅಧ್ಯಾಪಕರು, ವೈದ್ಯರು, ಬ್ಯಾಂಕಿನ ನೌಕರರೂ ಉಂಟು. ಜೀವನೋಪಾಯಕ್ಕೆ ಈ ಕೆಲಸವನ್ನು ನೆಚ್ಚಿಕೊಂಡವರು ಮಾತ್ರ ನಿಮ್ಮಲ್ಲಿ ಯಾರೂ ಇಲ್ಲ. ನಾನು ಹೇಳಬೇಕೆಂದಿರುವುದೆಲ್ಲ ಈ ಒಂದು ಸಂಗತಿಯಿಂದಲೇ ಹೊರಡುತ್ತದೆ.

ಕೈಗೆಲಸದ ಪ್ರಪಂಚದಲ್ಲಿ ನಿಮ್ಮ ಹೆಚ್ಚುಗಾರಿಕೆ ಯಾವುದರಲ್ಲಿದೆಯೆಂದು ವಿಚಾರಿಸಿದರೆ, ನೈಪುಣ್ಯದಲ್ಲಿದೆಯೆಂದು ಹೇಳುವಂತಿಲ್ಲ. ದಿನಕ್ಕೆ ಎಂಟು ಗಂಟೆಯಂತೆ ವರ್ಷಗಟ್ಟಲೆ ಅರ ಹಿಡಿದ ಕೈಗೂ ವಾರಕ್ಕೊಮ್ಮೆ ಹಿಡಿಯುವ ಕೈಗೂ ನಡುವಣ ಅಂತರವನ್ನು ಎಷ್ಟೇ ಉತ್ಸಾಹವಿದ್ದರೂ ತುಂಬಲಾಗದು. ಉಪಕರಣಗಳಲ್ಲಿದೆಯೆಂದರೆ, ಹಣವುಳ್ಳ ಯಾರಾದರೂ ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಗೆ ಹೋಗಿ ಒಂದು ಮಧ್ಯಾಹ್ನದಲ್ಲಿ ಅವನ್ನೆಲ್ಲ ಕೊಂಡು ತರಬಹುದು. ವೃತ್ತಿಯವರಲ್ಲಿ ಇಲ್ಲದೆ ನಿಮ್ಮಲ್ಲಿ ಮಾತ್ರ ಇರುವ ಐಶ್ವರ್ಯವೆಂದರೆ ಬಿಡುವು. ಬೆಳಿಗ್ಗೆ ಬಂದ ಗಾಡಿಯನ್ನು ಸಂಜೆಯೊಳಗೆ ಹಿಂದಿರುಗಿಸಬೇಕಾದ ಗ್ಯಾರೇಜಿನ ಮೇಸ್ತ್ರಿಯವರು ತೊಂದರೆಯ ಹೊರಗಣ ಚಿಹ್ನೆಯನ್ನಷ್ಟೆ ಅಳಿಸಿ ಕಳುಹಿಸಿದರೆ ಅವರನ್ನು ನಿಂದಿಸುವುದು ಅನ್ಯಾಯ. ಅಂಗಡಿಯ ಬಾಡಿಗೆ, ಹುಡುಗರ ಸಂಬಳ, ಗಿರಾಕಿಯ ತಗಾದೆ ಇವೆಲ್ಲವೂ ಅವರ ಬೆನ್ನ ಹಿಂದೆಯೇ ನಿಂತಿರುತ್ತವೆ. ನಿಮಗೆ ಅಂತಹ ನಿರ್ಬಂಧವಾವುದೂ ಇಲ್ಲ. ಕೆಟ್ಟದ್ದು ಏಕೆ ಕೆಟ್ಟಿತೆಂಬುದನ್ನು ಕಡೆಯವರೆಗೆ ಬೆನ್ನಟ್ಟಿಕೊಂಡು ಹೋಗುವ ಅವಕಾಶ ನಿಮಗುಂಟು. ಆ ಅವಕಾಶವನ್ನು ಆ ಕಾರ್ಯಕ್ಕೇ ವಿನಿಯೋಗಿಸಬೇಕೆಂಬುದು ನನ್ನ ನಿವೇದನೆ.

ಮಾತು ಹಗುರವಾಗದಿರಲೆಂದು ನಮ್ಮ ಮೈಸೂರಿನ ಗಾಡಿಯನ್ನೇ ದೃಷ್ಟಾಂತಕ್ಕೆ ತೆಗೆದುಕೊಳ್ಳುತ್ತೇನೆ. ಚೆಕೊಸ್ಲೊವಾಕಿಯದ ಜಾವಾ ಮೋಟಾರ್‌ಸೈಕಲ್ಲನ್ನು ಐಡಿಯಲ್ ಜಾವಾ ಕಾರ್ಖಾನೆಯು 1961ರಿಂದ ಮೈಸೂರಿನಲ್ಲಿ ತಯಾರಿಸತೊಡಗಿತು. 1973ರಲ್ಲಿ ಯೆಜ್ಡಿ ಎಂಬ ಹೆಸರು ಬಂದಿತು. 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. ಕಾರ್ಖಾನೆ ಮುಚ್ಚಿದ ಇಷ್ಟು ಕಾಲದ ಮೇಲೂ ಆ ಗಾಡಿಗಳು ರಸ್ತೆಯ ಮೇಲೆ ಓಡುತ್ತಿರುವುದಕ್ಕೆ ನಿಮ್ಮಂಥವರೂ ಬೀದಿಮೂಲೆಯ ಮೇಸ್ತ್ರಿಗಳೂ ಸಮಪಾಲಿನಲ್ಲಿ ಕಾರಣರಾಗಿದ್ದೀರಿ. 65 ಮಿಲಿಮೀಟರು ವ್ಯಾಸ, 75 ಮಿಲಿಮೀಟರು ನಡೆಯ ಒಂದೇ ಸಿಲಿಂಡರು; ಆ ಒಂದಕ್ಕೆ ಎರಡು ಸೈಲೆನ್ಸರುಗಳ ವೈಭವ; ಗೇರಿನ ಲಿವರನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್ ಆಗುವ ಚಮತ್ಕಾರ. ಇಷ್ಟು ಸರಳವಾದ ಯಂತ್ರ, ಮನುಷ್ಯನಿಗೆ ಕಾರ್ಯಕಾರಣ ಸಂಬಂಧವನ್ನು ಕಲಿಸುವುದಕ್ಕೆ ತರ್ಕಶಾಸ್ತ್ರದ ಗ್ರಂಥಗಳಿಗಿಂತ ಹೆಚ್ಚು ಸಮರ್ಥವಾದುದೆಂದು ನಾನು ನಂಬಿದ್ದೇನೆ.

ಇಂಥ ಗಾಡಿಯೊಂದು ಬಿಳಿಯ ಹೊಗೆಯುಗುಳುತ್ತ ನಿಮ್ಮ ಅಂಗಳಕ್ಕೆ ಬಂದಿತೆನ್ನಿ. ಸಾಮಾನ್ಯವಾಗಿ ನಡೆಯುವುದೇನು? ಪೆಟ್ರೋಲಿಗೆ ಬೆರೆಸಿದ ಎಣ್ಣೆ ಹೆಚ್ಚಾಯಿತೆಂದು ತರ್ಕಿಸಿ ಅದನ್ನು ಕಡಿಮೆ ಮಾಡುವರು, ಪ್ಲಗ್ಗನ್ನು ಉಜ್ಜುವರು, ಕಾರ್ಬ್ಯುರೇಟರನ್ನು ಬಿಚ್ಚಿ ತೊಳೆಯುವರು, ಹೊಗೆ ತುಸು ಇಳಿದಂತೆ ತೋರಿ, ಗಾಡಿಯೂ ಹೊರಟು, ಒಂದು ವಾರದೊಳಗೆ ಮತ್ತೆ ಅದೇ ಅವಸ್ಥೆಯಲ್ಲಿ ಹಿಂದಿರುಗುವುದು. ಆದರೆ ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕು ತಿರುಗುವ ಕೆಳಗಣ ಕೋಣೆ ಬರಿಯ ಕೋಣೆಯಾಗಿರದೆ, ಪಿಸ್ಟನ್ ಮೇಲೇರಿದಾಗ ಪೆಟ್ರೋಲು-ಗಾಳಿಯ ಮಿಶ್ರಣವನ್ನು ಒಳಗೆ ಸೆಳೆದು, ಇಳಿದಾಗ ಅದನ್ನು ಒತ್ತಿ ಮೇಲಕ್ಕೆ ಕಳುಹಿಸುವ ಕಮ್ಮಾರನ ತಿದಿಯಂತೆ ಕೆಲಸ ಮಾಡುತ್ತದೆಂಬುದನ್ನು ಒಮ್ಮೆ ಮನಸ್ಸಿಗೆ ತಂದುಕೊಂಡರೆ, ಹುಡುಕಬೇಕಾದ ಸ್ಥಳ ಬೇರೆಯೇ ಆಗುತ್ತದೆ. ಆ ಕೋಣೆಯಿಂದ ದಂಡವು ಹೊರಬರುವ ಎರಡು ಬದಿಗಳಲ್ಲಿಯೂ ರಬ್ಬರಿನ ಎಣ್ಣೆಸೀಲುಗಳಿವೆ. ಕ್ಲಚ್ಚಿನ ಬದಿಯ ಸೀಲು ಗಟ್ಟಿಯಾಗಿ ಬಿರಿದಿದ್ದರೆ, ಪ್ರತಿಯೊಂದು ಸೆಳೆತಕ್ಕೂ ಗೇರ್‌ಬಾಕ್ಸಿನ ಎಣ್ಣೆ ಒಳನುಗ್ಗಿ ಉರಿಯುತ್ತದೆ. ನೆಲದ ಮೇಲೆ ಒಂದು ತೊಟ್ಟೂ ಸೋರದೆ ಗೇರ್ ಎಣ್ಣೆ ಇಳಿಯುತ್ತ ಹೋಗುವುದೇ ಅದರ ಗುರುತು. ಡೈನಮೋದ ಬದಿಯ ಸೀಲು ಹೋಗಿದ್ದರೆ ಅಲ್ಲಿಂದ ಎಣ್ಣೆಗೆ ಬದಲು ಗಾಳಿ ನುಸುಳುತ್ತದೆ. ಆಗ ಹೊಗೆಯೇ ಇಲ್ಲದೆ, ಮಿಶ್ರಣ ತೆಳುವಾಗಿ, ಎಂಜಿನ್ನು ನಿಂತಲ್ಲಿಯೇ ಏರಿಳಿದು ಕೂಗುತ್ತ, ಕಾದು, ಒಂದು ದಿನ ನಂಜನಗೂಡಿನ ರಸ್ತೆಯ ನಡುವೆ ಪಿಸ್ಟನ್ ಹಿಡಿದುಕೊಂಡು ನಿಲ್ಲುತ್ತದೆ. ಹಾಗೆ ನಿಂತ ಗಾಡಿಯ ಒಡೆಯನು ಎಣ್ಣೆ ಕಡಿಮೆ ಹಾಕಿದ್ದರಿಂದ ಹೀಗಾಯಿತೆಂದು ಭಾವಿಸಿ ಮುಂದಿನ ಸಲ ಎರಡರಷ್ಟು ಹಾಕುತ್ತಾನೆ. ಸೀಲು ತನ್ನ ಪಾಡಿಗೆ ತಾನು ಬಿರಿದುಕೊಂಡೇ ಇರುತ್ತದೆ.

ಕೆಲವು ನೂರು ರೂಪಾಯಿಗೆ ಮೀರದ ಆ ಸೀಲನ್ನು ತಲುಪುವುದಕ್ಕೆ ಕ್ಲಚ್ಚನ್ನೂ ಸರಪಳಿಯನ್ನೂ ಕಳಚಬೇಕು. ಕ್ರ್ಯಾಂಕಿನ ತುದಿಯಲ್ಲಿ ಕಚ್ಚಿ ಕುಳಿತ ಹಲ್ಲುಚಕ್ರವನ್ನು ಬಿಡಿಸಬೇಕು. ಆತುರದವರು ಇಲ್ಲಿ ಸುತ್ತಿಗೆಯನ್ನು ಕೈಗೆತ್ತಿಕೊಳ್ಳುತ್ತಾರೆ. ಒತ್ತಡದಿಂದ ಜೋಡಿಸಿ ಕೂಡಿಸಿದ ಕ್ರ್ಯಾಂಕು ಅಡ್ಡ ಏಟಿನಿಂದ ನೂಲೆಳೆಯಷ್ಟು ವಾರೆಯಾದರೂ ಸಾಕು, ಬೇರಿಂಗುಗಳು ಬೇಗನೆ ಸವೆದು ಇಡೀ ಎಂಜಿನ್ನು ನಡುಗಲಾರಂಭಿಸುತ್ತದೆ. ಇಲ್ಲಿ ಬೇಕಾದುದು ಒಂದು ಪುಲ್ಲರ್. ಅದನ್ನು ಕೊಳ್ಳಲೂಬಹುದು, ಆದರೆ ಹತ್ತು ಮಿಲಿಮೀಟರು ದಪ್ಪದ ಕಬ್ಬಿಣದ ತುಂಡೊಂದನ್ನು ಗುಜರಿಯಿಂದ ತಂದು, ನಡುವೆ ರಂಧ್ರ ಕೊರೆದು, ಟ್ಯಾಪಿನಿಂದ ತ್ರೆಡ್ ಕತ್ತರಿಸಿ, ಎರಡು ಬದಿಗೆ ಕಾಲುಗಳನ್ನು ಕೂರಿಸಿ, ನಡುವಣ ಬೋಲ್ಟನ್ನು ಕಾಲು ಸುತ್ತು, ಮತ್ತೆ ಕಾಲು ಸುತ್ತು ಬಿಗಿಯುತ್ತ ಕಾದುಕುಳಿತು, ಚಕ್ರವು ‘ಟಕ್’ ಎಂದು ಬಿಟ್ಟುಕೊಡುವ ಕ್ಷಣವನ್ನು ಅನುಭವಿಸಿದವನಿಗೆ, ಮನೆಯಲ್ಲಿ ಕಾರ್ಯಾಗಾರವನ್ನೇಕೆ ಇಟ್ಟುಕೊಂಡೆಯೆಂದು ಬೇರೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಇದಕ್ಕೆ ವಿರುದ್ಧವಾದ ಒಂದು ಪ್ರವೃತ್ತಿಯು ನಿಮ್ಮಲ್ಲಿ ಹಬ್ಬುತ್ತಿರುವುದನ್ನು ಕಂಡು ನನಗೆ ಖೇದವಾಗಿದೆ. ಹಳೆಯ ಗಾಡಿಯನ್ನೋ ಪೆಟ್ಟಿಗೆಯನ್ನೋ ಸಂಪಾದಿಸಿದೊಡನೆ ಅದನ್ನು ಅಂಗಡಿಯಿಂದ ಈಗ ತಾನೆ ಹೊರಬಂದಂತೆ ಥಳಥಳಿಸುವಂತೆ ಮಾಡಬೇಕೆಂಬ ಹಟ ಅದು. ಕಾರ್ಖಾನೆಯಲ್ಲಿ ಬಣ್ಣ ಕಂಡಿದ್ದ ಭಾಗಗಳಿಗೂ ಕ್ರೋಮು, ಸತುವಿನ ಲೇಪವಿದ್ದ ಬೋಲ್ಟುಗಳಿಗೆ ಬದಲು ಹೊಳೆಯುವ ಸ್ಟೇನ್‌ಲೆಸ್ ಬೋಲ್ಟು, ಟ್ಯಾಂಕಿಗೆ ಕನ್ನಡಿಯಂಥ ಮೆರುಗು. ಒಳಗೆ ಮಾತ್ರ ಅದೇ ಬಿರಿದ ಸೀಲು. ಪ್ರದರ್ಶನದ ದಿನ ನಾಲ್ವರು ಮೆಚ್ಚಿ ಚಿತ್ರ ತೆಗೆದುಕೊಂಡು ಹೋಗುವರು. ಸಂಜೆಗೆ ಅದನ್ನು ಟೆಂಪೋದಲ್ಲಿ ಹೇರಿಕೊಂಡು ಮನೆಗೆ ತರಬೇಕಾಗುವುದು. ತುಕ್ಕನ್ನು ತೆಗೆಯಬೇಡಿರೆಂದು ನಾನು ಹೇಳುವುದಿಲ್ಲ. ಹುಣಸೆಹುಳಿಯ ನೀರಿನಲ್ಲಿ ರಾತ್ರಿಯೆಲ್ಲ ನೆನೆಯಿಟ್ಟರೆ ಸಣ್ಣ ಭಾಗಗಳ ತುಕ್ಕು ಬೆಳಗಿನ ಹೊತ್ತಿಗೆ ಬಹುಮಟ್ಟಿಗೆ ಬಿಟ್ಟುಹೋಗುವುದೆಂಬುದು ನಮ್ಮ ಅಡುಗೆಮನೆಗಳಿಗೆ ತಿಳಿದ ವಿದ್ಯೆಯೇ ಆಗಿದೆ. ಇಷ್ಟು ಸೌಮ್ಯವಾದ ಉಪಾಯವಿರುವಾಗ ಮೂಲದ ಲೋಹವನ್ನು ಗ್ರೈಂಡರಿನಿಂದ ತಿಂದುಹಾಕಿ, ಮೂವತ್ತು ವರ್ಷ ಬದುಕಿದ ಭಾಗವನ್ನು ಬಿಸಾಡಿ, ಗುಣ ತಿಳಿಯದ ಹೊಸ ಭಾಗವನ್ನು ಅದರ ಸ್ಥಾನದಲ್ಲಿ ಕೂರಿಸುವುದು ದುರಸ್ತಿಯೆಂದು ಕರೆಸಿಕೊಳ್ಳಲಾರದು.

ಉಪಕರಣಸಂಗ್ರಹದ ವ್ಯಾಮೋಹವೂ ಇದರ ಒಡಹುಟ್ಟಿದುದೇ. ಗೋಡೆಯ ತುಂಬ ತೂಗುಹಾಕಿದ ಸ್ಪ್ಯಾನರುಗಳಿಗೆ ಆಯುಧಪೂಜೆಯ ದಿನ ಕುಂಕುಮ ಹಚ್ಚುವುದರ ಹೊರತು ವರ್ಷದಲ್ಲಿ ಮತ್ತಾವ ಕೆಲಸವೂ ಬೀಳದಂತಹ ಕಾರ್ಯಾಗಾರಗಳನ್ನು ನಾನು ಬಲ್ಲೆನು. ಕೊಳ್ಳಬೇಡಿರೆಂದಲ್ಲ, ಮಾಡಿಕೊಳ್ಳಬಲ್ಲುದನ್ನು ಒಮ್ಮೆಯಾದರೂ ಮಾಡಿ ನೋಡಿರೆಂದು ಮಾತ್ರ ಬೇಡುವೆನು. ನಮ್ಮ ಹಳ್ಳಿಗಳ ಕಮ್ಮಾರರು ಲಾರಿಯ ಮುರಿದ ಸ್ಪ್ರಿಂಗಿನ ಪಟ್ಟಿಯಿಂದ ಕತ್ತಿ, ಕುಡುಗೋಲು, ಉಳಿಗಳನ್ನು ಬಹುಕಾಲದಿಂದ ಮಾಡುತ್ತ ಬಂದಿದ್ದಾರೆ. ಆ ಪಟ್ಟಿಯ ತುಂಡೊಂದನ್ನು ಉಳಿಯ ಆಕಾರಕ್ಕೆ ತಂದು, ಇದ್ದಿಲಿನಲ್ಲಿ ಕೆಂಪಗೆ ಕಾಯಿಸಿ, ಸುಮಾರು 770 ಡಿಗ್ರಿಯಲ್ಲಿ ಅಯಸ್ಕಾಂತವು ಅದನ್ನು ಹಿಡಿಯದಾದ ಮೇಲೆ ಮತ್ತೂ ಸ್ವಲ್ಪ ಕಾಯಿಸಿ ಎಣ್ಣೆಯಲ್ಲಿ ಅದ್ದಿದರೆ, ಅದು ಗಾಜಿನಂತೆ ಗಡುಸಾಗಿ ನಿಲ್ಲುತ್ತದೆ. ಅಷ್ಟಕ್ಕೇ ಬಿಟ್ಟರೆ ಮೊದಲನೆಯ ಏಟಿಗೆ ಬಾಯಿ ಮುಕ್ಕಾಗುವುದು. ಆದ್ದರಿಂದ ಒಂದು ಮುಖವನ್ನು ಹೊಳೆಯುವಂತೆ ಉಜ್ಜಿ, ಹಿಂಬದಿಯಿಂದ ಮೆಲ್ಲಗೆ ಕಾಯಿಸುತ್ತ ನೋಡುತ್ತಿರಬೇಕು. ಹೊಳಪಿನ ಮೇಲೆ ಮೊದಲು ಒಣಹುಲ್ಲಿನ ತೆಳು ಹಳದಿ ಹರಿಯುತ್ತದೆ, ಅದರ ಹಿಂದೆಯೇ 250 ಡಿಗ್ರಿಯ ಆಚೀಚೆ ಕಂದು, ತರುವಾಯ ನೇರಳೆ, 300ರ ಹೊತ್ತಿಗೆ ನವಿಲುಗೊರಳಿನ ನೀಲಿ. ಮರದ ಉಳಿಯಾದರೆ ಬಾಯಿಗೆ ಕಂದು ಮುಟ್ಟಿದ ಕ್ಷಣದಲ್ಲಿ ಅದ್ದಬೇಕು. ನೀಲಿಯವರೆಗೆ ಬಿಟ್ಟರೆ ಅದು ಸ್ಪ್ರಿಂಗಿಗೆ ಒಪ್ಪುವ ಹದವೇ ಹೊರತು ಉಳಿಗೆ ಒಪ್ಪುವುದಲ್ಲ. ಈ ಬಣ್ಣಗಳ ಮೆರವಣಿಗೆ ನಡೆಯುವುದು ಕೆಲವೇ ಕ್ಷಣ. ಮಧ್ಯಾಹ್ನದ ಬಿಸಿಲಿನಲ್ಲಿ ಕಾಣುವುದಿಲ್ಲವಾದ್ದರಿಂದಲೇ ಕುಲುಮೆಗಳನ್ನು ಮಬ್ಬುಬೆಳಕಿನಲ್ಲಿ ಕಟ್ಟುತ್ತಿದ್ದರು. ಹೊರಗಿನವರು ಅದನ್ನು ಬಡತನದ ಕತ್ತಲೆಯೆಂದು ತಪ್ಪು ತಿಳಿದದ್ದೂ ಉಂಟು.

ಮರದ ವಿಷಯದಲ್ಲಿ ಹೇಳಬೇಕಾದುದು ಸ್ವಲ್ಪವೇ. ಹಳೆಯ ಮನೆಗಳನ್ನು ಕೆಡವುವಲ್ಲಿ ಸಿಕ್ಕುವ ತೇಗದ ತೊಲೆ, ಹೊನ್ನೆಯ ಬಾಗಿಲುವಾಡ, ಹಲಸಿನ ಹಲಗೆಗಳಿಗಿಂತ ಚೆನ್ನಾಗಿ ಒಣಗಿದ ಮರವನ್ನು ಯಾವ ಮಂಡಿಯಲ್ಲಿಯೂ ಕೊಳ್ಳಲಾರಿರಿ. ಹತ್ತರಿ ಹೊಡೆಯುವುದಕ್ಕೆ ಮುಂಚೆ ಒಳಗಡಗಿದ ಮೊಳೆಗಳನ್ನು ಹುಡುಕಿ ಕೀಳುವ ತಾಳ್ಮೆಯೊಂದಿದ್ದರೆ ಸರಿ. ಮರವು ಉದ್ದಕ್ಕೆ ಹೆಚ್ಚುಕಡಿಮೆ ಅಲುಗದು, ಅಡ್ಡಕ್ಕೆ ಮಳೆಗಾಲದಲ್ಲಿ ಹಿಗ್ಗಿ ಬೇಸಗೆಯಲ್ಲಿ ಕುಗ್ಗುವುದು, ಅದರಲ್ಲಿಯೂ ವರ್ಷವಲಯಗಳ ಗುಂಟ ಆಗುವ ಚಲನೆ ಅವನ್ನು ಹಾಯ್ದು ಆಗುವ ಚಲನೆಯ ಸುಮಾರು ಇಮ್ಮಡಿ ಎಂಬುದನ್ನು ನಮ್ಮ ಬಡಗಿಗಳು ಅಂಕಿಗಳಿಲ್ಲದೆಯೇ ಬಲ್ಲವರಾಗಿದ್ದರು. ಬಾಗಿಲಿನ ನಡುಹಲಗೆಯನ್ನು ಚೌಕಟ್ಟಿನ ತೋಡಿನಲ್ಲಿ ಅಂಟಿಲ್ಲದೆ ಸಡಿಲವಾಗಿ ಕೂರಿಸುತ್ತಿದ್ದುದು ಅದಕ್ಕಾಗಿಯೇ. ನೀವು ಹೊಸ ಅಂಟಿನ ಮೇಲಣ ವಿಶ್ವಾಸದಿಂದ ಅಗಲವಾದ ಹಲಗೆಯನ್ನು ನಾಲ್ಕು ಕಡೆಯೂ ಬಂಧಿಸಿ, ಏಪ್ರಿಲ್ ತಿಂಗಳಲ್ಲಿ ಅದು ಸೀಳಿದಾಗ ಮರ ಕೆಟ್ಟದ್ದೆಂದು ದೂರುವಿರಿ. ಕಾರಣವನ್ನು ಹುಡುಕಿರೆಂಬ ನನ್ನ ಮಾತು ಇಲ್ಲಿಗೂ ಅಷ್ಟೇ ಸಲ್ಲುತ್ತದೆ.

ಈಗ ಸ್ವಲ್ಪ ಅಪ್ರಿಯವಾದ ಮಾತಿಗೆ ಬರುತ್ತೇನೆ. ನೀವು ಬಲ್ಲುದರಲ್ಲಿ ಬಹುಭಾಗವನ್ನು ಗ್ಯಾರೇಜಿನ ಮೇಸ್ತ್ರಿಗಳಿಂದ, ಲೇತಿನ ಕೆಲಸಗಾರರಿಂದ, ಬಡಗಿಗಳಿಂದ, ಗ್ಯಾಸ್ ಬೆಸುಗೆಯವರಿಂದ ಪಡೆದಿದ್ದೀರಿ. ಅವರಲ್ಲಿ ಅನೇಕರು ವಯಸ್ಸಿನಲ್ಲಿ ನಿಮ್ಮ ತಂದೆಯ ಸಮಾನರು. ಅವರ ಎದುರಿಗೆ ಸ್ಟೂಲು ಎಳೆದುಕೊಂಡು ಕುಳಿತು, ಸಂಶಯಗಳನ್ನೆಲ್ಲ ಕೇಳಿ ತಿಳಿದುಕೊಂಡು, ಅಷ್ಟಾದರೂ ಅವರನ್ನು ‘ನೀನು’ ಎಂದು ಮಾತನಾಡಿಸುವುದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಶಾಲೆಯ ಗುರುಗಳಿಗೆ ಬಹುವಚನ, ಕುಲುಮೆಯ ಗುರುಗಳಿಗೆ ಏಕವಚನವೆಂಬ ಈ ವ್ಯವಸ್ಥೆ ಜಾತಿಯ ಹಳೆಯ ಕೊಳೆಯೇ ಹೊರತು ಬೇರೇನೂ ಅಲ್ಲ. ಪಾಂಚಾಳರೆನಿಸಿಕೊಂಡ ಕಮ್ಮಾರ, ಬಡಗಿ, ಕಂಚುಗಾರ, ಶಿಲ್ಪಿ, ಅಕ್ಕಸಾಲಿಗರು ತಲೆಮಾರುಗಳಿಂದ ಕಾಪಾಡಿದ ವಿದ್ಯೆಯನ್ನು, ಬಾಚಿಯನ್ನು ಮುಟ್ಟಿಯೂ ಅರಿಯದ ಮನೆತನಗಳ ನಾವು ಈಗ ವಿನೋದಕ್ಕಾಗಿ ಅಭ್ಯಾಸ ಮಾಡುತ್ತಿರುವಾಗ, ಒಂದು ‘ನೀವು’ ಎಂಬುದು ತೀರ ಅಗ್ಗದ ಗುರುದಕ್ಷಿಣೆ. ಇನ್ನು ಕೂಲಿಯ ಮಾತು: ಮನೆಯಲ್ಲಾಗದ ಕೆಲಸವನ್ನು ಲೇತಿನ ಅಂಗಡಿಗೆ ಒಯ್ದಾಗ, ‘ಇಷ್ಟಕ್ಕೆ ಇಷ್ಟೊಂದೇ?’ ಎಂದು ಚೌಕಾಸಿ ಮಾಡುವುದು, ಆ ಕೆಲಸದ ಕಷ್ಟವನ್ನು ಸ್ವತಃ ಬಲ್ಲ ನಿಮ್ಮಂಥವರಿಗೆ ಶೋಭಿಸುವುದಿಲ್ಲ.

ಆ ವಿದ್ಯೆ ಬಹುಬೇಗ ಕೈಜಾರುತ್ತಿದೆ. 1940ರಲ್ಲಿ ಹಿಂದೂಸ್ತಾನ್ ವಿಮಾನ ಕಾರ್ಖಾನೆಯೂ 1953ರಲ್ಲಿ ಎಚ್.ಎಂ.ಟಿ.ಯೂ ಬೆಂಗಳೂರಿಗೆ ಬಂದ ಮೇಲೆ, ನಮ್ಮ ನಾಡಿನಲ್ಲಿ ಫಿಟ್ಟರು ಟರ್ನರುಗಳ ಒಂದು ದೊಡ್ಡ ಸಮುದಾಯವೇ ರೂಪುಗೊಂಡಿತು. ಲೇತಿನ ಹಾಸಿಗೆ ನೀಲಿ ಬಳಿದು, ಉಬ್ಬಿದ ತಾಣಗಳನ್ನು ಕೈಯಿಂದ ಹೆರೆಹೆರೆದು ಸಮತಲಕ್ಕೆ ತರಬಲ್ಲವರು ಈಗಲೂ ನಿಮ್ಮ ಬಡಾವಣೆಯ ಉದ್ಯಾನದಲ್ಲಿ ಬೆಳಗಿನ ಹೊತ್ತು ನಡೆದಾಡುತ್ತಿರಬಹುದು. ಅವರು ಯಾರೆಂದು ನಿಮಗೆ ತಿಳಿಯದು, ಅವರಾಗಿ ಹೇಳಿಕೊಳ್ಳುವವರೂ ಅಲ್ಲ. ಹೀಗೆ ಕೈಜಾರಿದ ವಿದ್ಯೆಗೆ ಹಳೆಯ ನಿದರ್ಶನವೊಂದುಂಟು. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ಎಂಬ ಸ್ಕಾಟ್ಲೆಂಡಿನ ವೈದ್ಯನು, ಚನ್ನಪಟ್ಟಣದಲ್ಲಿ ವಾದ್ಯಗಳಿಗಾಗಿ ತಯಾರಾಗುತ್ತಿದ್ದ ಉಕ್ಕಿನ ತಂತಿ ದೂರದ ಪ್ರಾಂತಗಳಿಗೂ ಹೋಗುತ್ತಿದ್ದುದನ್ನು ಕಂಡು ಬರೆದಿಟ್ಟನು. ಉಕ್ಕು ಮಾಡುವವರ ಒಲೆ, ತಿದಿ, ಮೂಸೆಗಳನ್ನೂ ವರ್ಣಿಸಿದನು. 1807ರಲ್ಲಿ ಅವನ ಪ್ರವಾಸವರ್ಣನೆಯು ಮೂರು ಸಂಪುಟಗಳಾಗಿ ಪ್ರಕಟವಾಯಿತು. ಅವನಿಗೆ ಇದರಲ್ಲಿದ್ದ ಆಸಕ್ತಿ ಕಂಪನಿ ಸರ್ಕಾರದ ಲಾಭದ ದೃಷ್ಟಿಯದೆಂಬುದು ನಿಜ. ಆದರೂ ದಾರಿಹೋಕನಾದ ಪರದೇಶಿಯೊಬ್ಬನು ನಿಂತು ನೋಡಿದಷ್ಟು ಹೊತ್ತನ್ನು ನಮ್ಮ ಅಕ್ಷರಸ್ಥರು ಕುಲುಮೆಯ ಮುಂದೆ ಕಳೆದಿದ್ದರೆ, ಆ ತಂತಿಯನ್ನು ಎಳೆದ ಹದವೇನೆಂಬುದಕ್ಕೆ ನಾವು ಇಂಗ್ಲಿಷ್ ಪುಸ್ತಕದ ಕಡೆಗೆ ನೋಡಬೇಕಾಗುತ್ತಿರಲಿಲ್ಲ.

ನಡುವೆ ಅಪಾಯಗಳ ಮಾತನ್ನು ಆಡದೆ ಬಿಡಲಾಗದು. ಗ್ರೈಂಡರಿನ ರಕ್ಷಾಕವಚವನ್ನು ಕಿತ್ತಿಡುವ ದುರಭ್ಯಾಸ ಎಲ್ಲೆಲ್ಲಿಯೂ ಇದೆ. ಅದನ್ನು ಈ ದಿನವೇ ಮತ್ತೆ ಜೋಡಿಸಿರಿ. ತಿರುಗುವ ಯಂತ್ರದ ಮುಂದೆ ಪಂಚೆಯ ಅಂಚು, ದುಪಟ್ಟ, ಉಂಗುರ, ಕೈಗವಸು ಯಾವುದೂ ಇರಕೂಡದು. ಸತುವಿನ ಲೇಪವುಳ್ಳ ಜಿ.ಐ. ಕೊಳವೆಯನ್ನು ಮುಚ್ಚಿದ ಕೋಣೆಯಲ್ಲಿ ಬೆಸೆದರೆ ಅದರ ಬಿಳಿಯ ಹೊಗೆಯಿಂದ ಆ ರಾತ್ರಿಯೇ ಚಳಿಜ್ವರ ಬರುವುದು. ಮರಕ್ಕೆ ಅಗಸೆ ಎಣ್ಣೆ ಹಚ್ಚಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆಸೆದರೆ ಬೆಂಕಿಯ ಕಿಡಿಯಿಲ್ಲದೆಯೇ ಅದು ತಾನಾಗಿ ಕಾದು ಹೊತ್ತಿಕೊಳ್ಳಬಲ್ಲುದು. ಆದ್ದರಿಂದ ಅದನ್ನು ಬಿಡಿಸಿ ಹರಡಿ ಒಣಗಿಸಬೇಕು. ನೆರೆಯವರ ಮಧ್ಯಾಹ್ನದ ನಿದ್ರೆಯನ್ನು ಕೆಡಿಸುವುದರಿಂದ ಜೀವಾಪಾಯವಿಲ್ಲವಾದರೂ ಕಾರ್ಯಾಗಾರಕ್ಕೆ ಅಪಾಯವುಂಟು.

ಕೊನೆಗೆ ನನ್ನ ಬೇಡಿಕೆಯನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ನೀವು ಪ್ರತಿಯೊಬ್ಬರೂ ಒಂದು ಪುಸ್ತಕವನ್ನಿಟ್ಟು, ಬಿಚ್ಚಿದ ಪ್ರತಿಯೊಂದು ವಸ್ತುವಿಗೂ ಅದರಲ್ಲಿ ಒಂದು ಪುಟವನ್ನು ಮೀಸಲಿಡಿರಿ. ವಸ್ತುವಿನ ಹೆಸರನ್ನು ಮೇಸ್ತ್ರಿಗಳ ಬಾಯಲ್ಲಿರುವಂತೆಯೇ ಕನ್ನಡ ಅಕ್ಷರದಲ್ಲಿ ಬರೆಯಿರಿ. ಪುಸ್ತಕದ ಭಾಷೆಗೆ ತಿದ್ದಬೇಡಿರಿ. ಅದು ಎಲ್ಲಿ ಸವೆದಿತ್ತು, ಸವೆಯುವುದಕ್ಕೆ ಮುಂಚಿನ ಅಳತೆಯೇನು, ಈಗಿನದೇನು, ಮೊದಲು ಏನನ್ನು ಸಂಶಯಿಸಿದಿರಿ, ಕಡೆಗೆ ಕಾರಣವೆಂದು ಸಿಕ್ಕಿದುದು ಯಾವುದು, ಇದನ್ನು ಕಲಿಸಿಕೊಟ್ಟವರು ಯಾರು ಎಂಬುದಿಷ್ಟನ್ನು ದಾಖಲಿಸಿರಿ. ಕಲಿಸಿದವರ ಒಪ್ಪಿಗೆ ಪಡೆದು ಅವರ ಹೆಸರನ್ನು ಕಾಣಿಸಿರಿ. ಪುಸ್ತಕ ತುಂಬಿದಾಗ ಒಂದು ಪ್ರತಿಯನ್ನು ನಿಮ್ಮ ಬಡಾವಣೆಯ ಗ್ರಂಥಾಲಯಕ್ಕೂ, ಮತ್ತೊಂದನ್ನು ಹತ್ತಿರದ ಐ.ಟಿ.ಐ.ಗೂ ಕೊಡಿರಿ, ಅವರು ಕೂಡಲೇ ಆದರದಿಂದ ಸ್ವೀಕರಿಸದಿದ್ದರೆ ಎರಡನೆಯ ಸಲ ಹೋಗಿರಿ, ಬಿಡುವಂತೂ ನಿಮಗುಂಟಷ್ಟೆ. ಪುಟದ ಮೇಲೆ ಗ್ರೀಸಿನ ಬೆರಳಚ್ಚು ಬಿದ್ದಿದ್ದರೆ ಚಿಂತೆಯಿಲ್ಲ. ಅಳತೆಯ ಅಂಕಿಗಳು ಮಾತ್ರ ಓದುವಂತಿರಲಿ.

ಇತಿ,
ತಮ್ಮ ವಿಶ್ವಾಸಿ